‘ಘರೌಂದಾ’ದ ಬಿಲ್ಡರ್ ಓಡಿಹೋದ, ಮುಂಬ್ರಾದವನು ಇಲ್ಲೇ ಇದ್ದಾನೆ

1977ರಲ್ಲಿ ಬಂದ ‘ಘರೌಂದಾ’ ಸಿನಿಮಾವನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಅದರ ಹಾಡು ಕೇಳದೆ ಇರಲಿಕ್ಕಿಲ್ಲ. ಭೂಪಿಂದರ್ ಮತ್ತು ರೂನಾ ಲೈಲಾ ಹಾಡಿದ್ದು, ಜೈದೇವ್ ಸಂಗೀತ. ದೊಡ್ಡ ಶಹರದಲ್ಲಿ ಮನೆ ಹುಡುಕುತ್ತಾ ತಿರುಗುವ ಇಬ್ಬರ ಹಾಡು. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಇವತ್ತಿಗೂ ಹಾಡ್ತಾರೆ, ಪ್ರೇಮಗೀತೆ ಅಂತ. ಪ್ರೇಮಗೀತೆ ಹೌದು, ಆದರೆ ಡೆಪಾಸಿಟ್ಟಿನ ಚಿಂತೆ ಇರುವ ಪ್ರೇಮಗೀತೆ.

ಘರೌಂದಾ ಅಂದ್ರೆ ಮಕ್ಕಳು ಮಣ್ಣಲ್ಲೋ ಮರಳಲ್ಲೋ ಕಟ್ಟುವ ಆಟದ ಮನೆ. ನಮ್ಮ ಊರ ಕಡೆ ಮಕ್ಕಳು ಹಸಿ ಮರಳನ್ನು ಪಾದದ ಮೇಲೆ ತಟ್ಟಿ, ಮೆಲ್ಲಗೆ ಕಾಲು ಎಳೆದುಕೊಂಡು ಗುಬ್ಬಚ್ಚಿ ಗೂಡು ಮಾಡ್ತಾರಲ್ಲ, ಅದೇ. ಭೀಮಸೇನ್ ನಿರ್ದೇಶಿಸಿದ, ಶಂಕರ್ ಶೇಷ್ ಕಥೆ ಬರೆದ ಈ ಸಿನಿಮಾಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಗುತ್ತಿರಲಿಲ್ಲ.

ಕಥೆ ಚಿಕ್ಕದು. ಸುದೀಪ್ (ಅಮೋಲ್ ಪಾಲೇಕರ್), ಛಾಯಾ (ಜರೀನಾ ವಹಾಬ್) ಒಂದೇ ಆಫೀಸಿನಲ್ಲಿ ಕೆಲಸ ಮಾಡುವವರು. ಮದುವೆಯಾಗಬೇಕು, ಅದಕ್ಕೆ ಮೊದಲು ಮನೆ ಬೇಕು. ಅವನಿರುವ ಖೋಲಿಯಲ್ಲಿ ಗಂಡಸರು ಒತ್ತಿಕೊಂಡು ಮಲಗುತ್ತಾರೆ, ಅವಳಿರುವುದು ಅಣ್ಣನ ಮನೆಯ ಇಕ್ಕಟ್ಟಿನಲ್ಲಿ. ಇಬ್ಬರೂ ಪೈಸೆ ಪೈಸೆ ಕೂಡಿಸಿ ಇನ್ನೂ ಕಟ್ಟುತ್ತಿರುವ ಬಿಲ್ಡಿಂಗಿನಲ್ಲಿ ಫ್ಲ್ಯಾಟ್ ಬುಕ್ ಮಾಡ್ತಾರೆ. ಬಿಲ್ಡರ್ ದುಡ್ಡು ತಗೊಂಡು ಓಡಿಹೋಗುತ್ತಾನೆ. ಅವನಿಗೇ ದುಡ್ಡು ಕೊಟ್ಟಿದ್ದ ಜೊತೆಗಾರನೊಬ್ಬ ಜೀವ ಕಳೆದುಕೊಳ್ಳುತ್ತಾನೆ. ಆಮೇಲೆ ಸುದೀಪನ ತಲೆಯಲ್ಲಿ ಒಂದು ಕೆಟ್ಟ ಲೆಕ್ಕ ಹುಟ್ಟುತ್ತದೆ: ಆಫೀಸಿನ ಮಾಲೀಕ ವಯಸ್ಸಾದವನು, ಹೃದಯದ ಕಾಯಿಲೆಯವನು, ಛಾಯಾಳನ್ನು ಇಷ್ಟಪಟ್ಟಿದ್ದಾನೆ, ಅವಳು ಅವನನ್ನು ಮದುವೆಯಾಗಲಿ, ಅವನು ಹೆಚ್ಚು ದಿನ ಇರುವುದಿಲ್ಲ. ಛಾಯಾ ಮದುವೆಯಾಗುತ್ತಾಳೆ. ಗಂಡ ಸಾಯುವುದಿಲ್ಲ. ಅವಳು ನಿಧಾನವಾಗಿ ಆ ಮನೆಯವಳೇ ಆಗಿಬಿಡುತ್ತಾಳೆ.

ಈ ಹಳೇ ಸಿನಿಮಾವನ್ನು ಮುಂಬ್ರಾದಲ್ಲಿ ಕೂತು ನೋಡಿದರೆ ಹೇಗಿರುತ್ತದೆ ಅನ್ನೋದು ಈ ಬರಹದ ವಿಷಯ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮುಂಬ್ರಾ ಅಂದ್ರೆ ಸಿಎಸ್‌ಎಂಟಿಯಿಂದ ಲೋಕಲ್‌ನಲ್ಲಿ ಸುಮಾರು 40 ಕಿಲೋಮೀಟರ್ ದೂರ, ಠಾಣೆ ದಾಟಿ, ಕಳ್ವಾ ದಾಟಿದ ಮೇಲೆ ಬರುವ ಊರು. ಒಂದು ಬದಿ ಪಾರ್ಸಿಕ್ ಗುಡ್ಡ, ಇನ್ನೊಂದು ಬದಿ ಖಾಡಿ, ನಡುವೆ ಹಳೇ ಮುಂಬೈ–ಪುಣೆ ರಸ್ತೆ. ಆ ರಸ್ತೆಗೆ ಅಂಟಿಕೊಂಡು ಕೌಸಾ, ಶೀಲ್ ಫಾಟಾ ತನಕ ಬಿಲ್ಡಿಂಗುಗಳು. ಇಲ್ಲಿ ಕೂತವರಿಗೆ ಸಿನಿಮಾದ ಮೊದಲ ಅರ್ಧ ಪೂರ್ತಿ ನಿಜ ಅನ್ನಿಸುತ್ತದೆ. ಎರಡು ಸಂಬಳ ಸೇರಿಸಿದರೂ ಒಂದು ಖೋಲಿ ಬರದ ಲೆಕ್ಕ ಇಷ್ಟು ವರ್ಷದಲ್ಲಿ ಬದಲಾಗಿಲ್ಲ. ಬುಕ್ ಮಾಡಿದ ಮೇಲೆ ಭಾನುವಾರ ಹೋಗಿ ಬರೀ ಕಂಬಗಳನ್ನು ನೋಡಿಕೊಂಡು ಬರುವ ಖುಷಿಯೂ ಬದಲಾಗಿಲ್ಲ. ಇಲ್ಲಿ ಜುಮ್ಮಾ ದಿನ ನಮಾಜ್ ಮುಗಿಸಿ ಹೋಗ್ತಾರೆ, ಅಷ್ಟೇ.

ನನ್ನ ತಕರಾರು ಇರುವುದು ಬಿಲ್ಡರ್ ಓಡಿಹೋಗುವ ಜಾಗದಲ್ಲಿ. ಅವನು ಓಡಿದ ಕೂಡಲೇ ಸಿನಿಮಾ ಜಮೀನನ್ನು ಮರೆತುಬಿಡುತ್ತದೆ. ಆ ಜಾಗ ಯಾರದ್ದಾಗಿತ್ತು, ಕಟ್ಟಲು ಪರವಾನಗಿ ಕೊಟ್ಟವರು ಯಾರು, ಅರ್ಧ ಎದ್ದ ಕಂಬಗಳು ಆಮೇಲೆ ಏನಾದವು? ಕೇಳುವವರಿಲ್ಲ. ಕಳ್ಳ ಸಿಕ್ಕಿದ, ಅಂದ್ರೆ ಕಳ್ಳ ಹೋದ. ಇನ್ನುಳಿದದ್ದು ಪ್ರೇಮ, ಆಸೆ, ಪಶ್ಚಾತ್ತಾಪ. ಮನೆಯ ಪ್ರಶ್ನೆ ಮನಸ್ಸಿನ ಪ್ರಶ್ನೆಯಾಗಿಬಿಡುತ್ತದೆ. ಸುದೀಪ್ ಒಳ್ಳೆಯವನಾಗಿದ್ದರೆ ಸಾಕಿತ್ತು ಅನ್ನುವ ಹಾಗೆ. ನಗರ ಜಮೀನು ಮಿತಿ ಕಾಯಿದೆ ಬಂದದ್ದು 1976ರಲ್ಲಿ, ಈ ಸಿನಿಮಾಕ್ಕಿಂತ ಒಂದು ವರ್ಷ ಮೊದಲು. ಹೆಚ್ಚುವರಿ ಜಮೀನನ್ನು ಸರ್ಕಾರ ತಗೊಂಡು ಬಡವರಿಗೆ ಮನೆ ಕಟ್ಟಬೇಕು ಅನ್ನುವುದು ಅದರ ಮಾತಾಗಿತ್ತು. 2007ರಲ್ಲಿ ಮಹಾರಾಷ್ಟ್ರ ಅದನ್ನು ಕೈಬಿಟ್ಟಿತು. ಸುದೀಪನ ಕಾಲದ ಪೇಪರಿನಲ್ಲಿ ಆ ಸುದ್ದಿ ಇದ್ದೇ ಇರುತ್ತದೆ. ಸಿನಿಮಾದಲ್ಲಿ ಅವನು ಪೇಪರ್ ಓದುವುದು ಮನೆ ಖಾಲಿ ಇದೆಯಾ ನೋಡಲಿಕ್ಕೆ.

ಈಗ ಮುಂಬ್ರಾಕ್ಕೆ ಬನ್ನಿ. ಇಲ್ಲಿ ಬಿಲ್ಡರ್ ಓಡಿಹೋಗುವುದಿಲ್ಲ. ಅವನ ಆಫೀಸು ಬಿಲ್ಡಿಂಗಿನ ಕೆಳಗಿನ ಗಾಳಾದಲ್ಲೇ ಇದೆ. ಈದ್‌ಗೆ ಗಲೆ ಮಿಲ್ತಾನೆ, ನಿಮ್ಮ ಮನೆ ಮಯ್ಯತ್‌ಗೆ ಹೆಗಲು ಕೊಡ್ತಾನೆ. ಬಿಲ್ಡಿಂಗ್ ಏಳುವ ಕ್ರಮವನ್ನು ಇಲ್ಲಿಯ ಹತ್ತನೇ ಕ್ಲಾಸಿನ ಹುಡುಗ ಕೂಡ ನಿಮಗೆ ಬಾಯಿಪಾಠ ಹೇಳಬಲ್ಲ. ಜಮೀನು ರೈತನದ್ದೋ, ಸರ್ಕಾರದ್ದೋ, ಅರಣ್ಯದ್ದೋ. ಸಾತ್‌ಬಾರಾ ಉತಾರದಲ್ಲಿ ಹೆಸರು ಒಬ್ಬರದು, ಪವರ್ ಆಫ್ ಅಟಾರ್ನಿ ಇನ್ನೊಬ್ಬರದು. ಮೊದಲ ಸ್ಲ್ಯಾಬ್ ಬೀಳುವಾಗಲೇ ಬುಕಿಂಗ್. ಒಪ್ಪಂದ ಸ್ಟಾಂಪ್ ಪೇಪರಿನ ಮೇಲೆ, ನೋಟರಿ ಸಹಿ, ರಿಜಿಸ್ಟ್ರಿ ‘ಆಮೇಲೆ’. ಎರಡು ಮಾಳಿಗೆ ಆಗುವಷ್ಟರಲ್ಲಿ ಕೆಳಗೆ ಜನರನ್ನು ತುಂಬಿಸಿಬಿಡಬೇಕು. ಜನ ಇದ್ದರೆ ಪಾಲಿಕೆಗೆ ಕೆಡವುವುದು ಕಷ್ಟ. ಅಂದ್ರೆ ಮನೆ ಕೊಂಡವನ ಹೆಂಡತಿ ಮಕ್ಕಳೇ ಆ ಬಿಲ್ಡಿಂಗಿನ ಕಾವಲುಗಾರರು. ಕರೆಂಟಿನ ಮೀಟರ್ ಬರುತ್ತದೆ. ನೀರಿಗೆ ಟ್ಯಾಂಕರ್. ಇಷ್ಟಾದ ಮೇಲೆ ಘರ್‌ಪಟ್ಟಿಯೂ ಬರುತ್ತದೆ, ನೋಡಿ! ಮಹಾರಾಷ್ಟ್ರದ ಪಾಲಿಕೆ ಕಾಯಿದೆಯಲ್ಲಿ ಅನಧಿಕೃತ ಕಟ್ಟಡಕ್ಕೆ ದುಪ್ಪಟ್ಟು ದಂಡದ ತೆರಿಗೆ ಹಾಕಲು ಅವಕಾಶವಿದೆ. ಮರಾಠಿಯಲ್ಲಿ ಅದಕ್ಕೆ ಶಾಸ್ತಿ ಕರ್ ಅಂತಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ. ಆದರೂ ಆ ರಸೀದಿಯನ್ನು ಜನ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಳ್ತಾರೆ, ಯಾಕಂದ್ರೆ ಸರ್ಕಾರದ ಮುದ್ರೆ ಇರುವ ಕಾಗದ ಅವರ ಹತ್ತಿರ ಅದೊಂದೇ.

2013ರ ಏಪ್ರಿಲ್ 4ರ ಸಂಜೆ ಶೀಲ್ ಫಾಟಾದ ಲಕ್ಕಿ ಕಂಪೌಂಡಿನಲ್ಲಿ ಏಳು ಮಹಡಿಯ ಕಟ್ಟಡ ಕುಸಿದು 74 ಜನ ಸತ್ತರು. ಜಾಗ ಅರಣ್ಯ ಇಲಾಖೆಯದು. ಕಟ್ಟಲು ಶುರು ಮಾಡಿ ಕೆಲವೇ ತಿಂಗಳಾಗಿತ್ತು. ಮೇಲೆ ಕೆಲಸ ನಡೀತಾ ಇತ್ತು, ಕೆಳಗೆ ಸಂಸಾರಗಳಿದ್ದವು. ಬಿಲ್ಡರ್‌ಗಳ ಜೊತೆ ಪಾಲಿಕೆಯ ಉಪ ಆಯುಕ್ತರನ್ನೂ ಬಂಧಿಸಿದರು. ಮರುದಿನದಿಂದ ಪತ್ರಿಕೆಗಳಲ್ಲಿ ಬಂದ ಕಥೆಯ ಆಕಾರ ನೋಡಿ: ದುರಾಸೆಯ ಬಿಲ್ಡರ್, ಲಂಚಕೋರ ಅಧಿಕಾರಿ, ಪಾಪದ ಜನ. ‘ಘರೌಂದಾ’ದ ಕಥೆಯೇ. ಕಳ್ಳ ಸಿಕ್ಕಿದ ಅಂದ ಕೂಡಲೇ ಮುಗಿಯುವ ಕಥೆ. ಶೀಲ್ ಫಾಟಾದ ಆಚೆ ಈಚೆ ಅದೇ ಕ್ರಮದಲ್ಲಿ ಎದ್ದ ಉಳಿದ ಕಟ್ಟಡಗಳು ಆ ಕಥೆಯೊಳಗೆ ಬರಲೇ ಇಲ್ಲ, ಅವುಗಳಲ್ಲಿ ಜನ ಆ ರಾತ್ರಿಯೂ ಮಲಗಿದ್ದರು.

ಇಲ್ಲಿ ಒಂದು ಪದದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ‘ಯೋಜನೆಯಿಲ್ಲದ ಬೆಳವಣಿಗೆ.’ ನಮ್ಮ ಭೂಗೋಳದ ಪಾಠದಲ್ಲಿ, ಸಂಪಾದಕೀಯದಲ್ಲಿ, ಬಿ.ಎಡ್. ಕಾಲದ ಪರಿಸರ ಶಿಕ್ಷಣದ ನೋಟ್ಸಿನಲ್ಲಿ ಎಲ್ಲೆಲ್ಲೂ ಇದೇ ಮಾತು. ಮಳೆಗಾಲದಲ್ಲಿ ಕಳೆ ಬೆಳೆದ ಹಾಗೆ ಊರಂಚು ತಾನಾಗಿಯೇ ಬೆಳೆಯಿತು ಅನ್ನುವ ಅರ್ಥ. ಆದರೆ ಮುಂಬೈಗೆ ಯೋಜನೆ ಇರಲಿಲ್ಲ ಅಂತ ಹೇಳಲು ಬರುವುದಿಲ್ಲ. 1965ರಲ್ಲಿಯೇ ಚಾರ್ಲ್ಸ್ ಕೊರೆಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಸೇರಿ ‘ಮಾರ್ಗ್’ ಪತ್ರಿಕೆಯಲ್ಲಿ ಖಾಡಿಯಾಚೆ ಹೊಸ ಊರು ಕಟ್ಟಬೇಕೆಂದು ನಕ್ಷೆ ಸಮೇತ ವಾದ ಮಾಡಿದ್ದರು. 1970ರಲ್ಲಿ ಸಿಡ್ಕೋ ಹುಟ್ಟಿತು, ನವಿ ಮುಂಬೈ ಎದ್ದಿತು. ಮುಂಬ್ರಾದ ಗುಡ್ಡದ ಆಚೆ ಬದಿಗೆ ಇಳಿದರೆ ಅದೇ ನವಿ ಮುಂಬೈ: ಸೆಕ್ಟರ್ ನಂಬರು, ಗಿಡ ನೆಟ್ಟ ರಸ್ತೆ. ಒಂದೇ ಗುಡ್ಡದ ಎರಡು ಮಗ್ಗುಲು. ಹಾಗಾದರೆ ಇಲ್ಲದಿದ್ದದ್ದು ಯೋಜನೆಯಲ್ಲ. ಟೈಲರ್, ರಿಕ್ಷಾದವ, ಜರಿ ಕೆಲಸದವ, ಖಾಸಗಿ ಶಾಲೆಯ ಟೀಚರ್ ತನ್ನ ಸಂಬಳದಲ್ಲಿ ಕೊಳ್ಳಬಹುದಾದ ಮನೆ ಆ ಯೋಜನೆಯೊಳಗೆ ಬೇಕಾದಷ್ಟು ಇರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಪಶ್ಚಿಮದ ಲೈನಿಗೆ ಹೋಗಿ. ನಾಲಾಸೋಪಾರಾ ಪೂರ್ವದಲ್ಲಿ ಹೈಕೋರ್ಟ್ ಆದೇಶದಂತೆ 41 ಕಟ್ಟಡಗಳನ್ನು ಕೆಡವುವ ಕೆಲಸ 2025ರ ಆರಂಭದಲ್ಲಿ ಮುಗಿಯಿತು. ಆ ಜಾಗ ಯೋಜನೆಯ ನಕ್ಷೆಯಲ್ಲಿ ಏನಾಗಿತ್ತು ಗೊತ್ತಾ? ಕೊಳಚೆ ನೀರು ಶುದ್ಧೀಕರಣಕ್ಕೆ, ಕಸ ಹಾಕಲಿಕ್ಕೆ ಮೀಸಲಿಟ್ಟ ಜಾಗ. ನಕ್ಷೆ ಇತ್ತು, ಮೀಸಲಾತಿಯ ಬಣ್ಣವೂ ಇತ್ತು. ಅದರ ಮೇಲೆ ವರ್ಷಗಟ್ಟಲೆ ಜನ ಬಾಳಿದರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಆಮೇಲೆ ಜಾರಿ ನಿರ್ದೇಶನಾಲಯದವರು ಶೋಧ ಮಾಡಿದ ಜಾಗಗಳಲ್ಲಿ ಪಾಲಿಕೆಯ ನಗರ ಯೋಜನಾ ವಿಭಾಗದ ಉಪನಿರ್ದೇಶಕರ ಮನೆಯೂ ಒಂದು. ಯೋಜನೆಯಿಲ್ಲದ ಬೆಳವಣಿಗೆಯ ತನಿಖೆ ಯೋಜನಾ ವಿಭಾಗದ ಬಾಗಿಲಿಗೇ ಬಂತು. ಕಲ್ಯಾಣ್–ಡೊಂಬಿವಲಿಯಲ್ಲಿ ಇದಕ್ಕಿಂತ ನುಣುಪಾದ ಕೆಲಸ: ಪಾಲಿಕೆಯ ಪರವಾನಗಿಯನ್ನೇ ನಕಲಿ ಮಾಡಿ, ಅದನ್ನು ತೋರಿಸಿ ಮಹಾರೇರಾ ನೋಂದಣಿ ಪಡೆದು 65 ಕಟ್ಟಡಗಳು ಎದ್ದಿದ್ದವು, 2024ರ ನವೆಂಬರಿನಲ್ಲಿ ಹೈಕೋರ್ಟ್ ಕೆಡವಲು ಹೇಳಿತು. ಅಲ್ಲಿ ಕೊಂಡವರಲ್ಲಿ ಬ್ಯಾಂಕ್ ಸಾಲ ಮಾಡಿದವರಿದ್ದಾರೆ. ಡೊಂಬಿವಲಿಯಲ್ಲಿ ಕನ್ನಡಿಗರು ಎಷ್ಟಿದ್ದಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇದು ಮುಸಲ್ಮಾನರ ಮೊಹಲ್ಲಾದ ಕಥೆ ಮಾತ್ರ ಅಂತ ಯಾರಾದರೂ ಅಂದುಕೊಂಡಿದ್ದರೆ ಆ ಪಟ್ಟಿಯನ್ನೊಮ್ಮೆ ನೋಡಲಿ.

ಆದರೆ ಮುಂಬ್ರಾಕ್ಕೆ ತನ್ನದೇ ಒಂದು ಕಾರಣ ಇದೆ, ಅದನ್ನು ಬಿಟ್ಟು ಮಾತಾಡಿದರೆ ಅನ್ಯಾಯ. ಸಯೀದ್ ಮಿರ್ಜಾ ಅವರ ‘ನಸೀಮ್’ (1995) ನೋಡಿದ್ದೀರಾ? ಹದಿನೈದು ವರ್ಷದ ಹುಡುಗಿ, ಹಾಸಿಗೆ ಹಿಡಿದ ದಾದಾಜಾನ್. ಆ ಪಾತ್ರ ಮಾಡಿದವರು ಕವಿ ಕೈಫಿ ಆಜ್ಮಿ. ಹೊರಗೆ 1992ರ ಗಾಳಿ, ಒಳಗೆ ಮುದುಕ ಹೇಳುವ ಆಗ್ರಾದ ಹಳೇ ಕಥೆಗಳು. ಡಿಸೆಂಬರ್ 6ರಂದು ದಾದಾ ತೀರಿಕೊಳ್ತಾರೆ, ಸಿನಿಮಾ ಮುಗಿಯುತ್ತದೆ. ಅದಾದ ಮೇಲೆ ಡಿಸೆಂಬರ್, ಜನವರಿಯ ಗಲಭೆಗಳಲ್ಲಿ ಮುಂಬೈನಲ್ಲಿ 900 ಜನ ಸತ್ತರು ಅನ್ನುವುದು ಶ್ರೀಕೃಷ್ಣ ಆಯೋಗದ ಲೆಕ್ಕ. ಉಳಿದವರು ಮನೆಗಳನ್ನು ಸಿಕ್ಕ ಬೆಲೆಗೆ ಮಾರಿದರು, ಲೋಕಲ್ ಹತ್ತಿ ಠಾಣೆ ದಾಟಿದರು. ‘ನಸೀಮ್’ ಮುಗಿಯುವ ಜಾಗದಲ್ಲಿ ಮುಂಬ್ರಾ ಶುರುವಾಗುತ್ತದೆ. ಆ ಹುಡುಗಿ ಆಮೇಲೆ ಎಲ್ಲಿ ಹೋದಳು ಅಂತ ನನ್ನನ್ನು ಕೇಳಿದರೆ, ಬಹುಶಃ ಕೌಸಾದ ಯಾವುದೋ ಲಿಫ್ಟ್ ಇಲ್ಲದ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಗೆ.

ಹಾಗೆ ಬಂದವರು ಮೊದಲು ಕೇಳಿದ್ದು ‘ಇಲ್ಲಿ ನಮ್ಮೋರು ಇದ್ದಾರಾ?’ ಅಂತ. ಕಾಗದ ಸರಿ ಇದೆಯಾ ಅನ್ನುವುದು ಎರಡನೇ ಪ್ರಶ್ನೆ, ಎಷ್ಟೋ ಜನರ ಬಾಯಿಗೆ ಅದು ಬರಲೇ ಇಲ್ಲ. ಇದರಲ್ಲಿ ತಪ್ಪು ಹುಡುಕುವುದು ಸುಲಭ, ನಾನು ಹುಡುಕುವುದಿಲ್ಲ. ಬೆಂಕಿ ನೋಡಿ ಬಂದವರು ಸಾತ್‌ಬಾರಾ ಓದಲು ಕೂರುವುದಿಲ್ಲ. ನನ್ನ ದೂರು ಆಮೇಲಿನ ಮೂವತ್ತು ವರ್ಷದ ಬಗ್ಗೆ, ಅದರಲ್ಲೂ ನಮ್ಮ ಬರಹಗಾರರ ಬಗ್ಗೆ. ಈ ಊರಿನ ಬಗ್ಗೆ ನಾವು ಬರೆದದ್ದರಲ್ಲಿ ನನಗೆ ಎರಡೇ ಪ್ರಕಾರ ಕಾಣುತ್ತವೆ. ಒಂದು ಮರ್ಸಿಯಾ, ಇನ್ನೊಂದು ಕಸೀದಾ. ಉರ್ದು ಬಾರದ ಓದುಗರಿಗಾಗಿ: ಮರ್ಸಿಯಾ ಅಂದ್ರೆ ಶೋಕಗೀತೆ, ಕರ್ಬಲಾದ ಹುತಾತ್ಮರಿಗಾಗಿ ಹಾಡುವಂಥದ್ದು, ಕಸೀದಾ ಅಂದ್ರೆ ದೊರೆಯನ್ನು ಹೊಗಳುವ ಕವಿತೆ. ಕಟ್ಟಡ ಬಿದ್ದಾಗ, ರೈಲಿನಿಂದ ಜನ ಬಿದ್ದಾಗ ಮರ್ಸಿಯಾ. 2025ರ ಜೂನ್ 9ರಂದು ಮುಂಬ್ರಾ ಸ್ಟೇಷನ್ ಹತ್ತಿರದ ತಿರುವಿನಲ್ಲಿ ತುಂಬಿದ ಲೋಕಲ್‌ಗಳಿಂದ ಬಿದ್ದು ಅದೇ ದಿನ ನಾಲ್ವರು ಸತ್ತರಲ್ಲ, ಆಗ ವಾಟ್ಸಾಪಿನಲ್ಲಿ ಎಷ್ಟು ನಜ್ಮ್ ಬಂದವು! ಉಳಿದ ದಿನಗಳಲ್ಲಿ ಕಸೀದಾ: ಬರಿಗೈಯಲ್ಲಿ ಬಂದ ಕೌಮ್ ಶಹರವನ್ನೇ ಕಟ್ಟಿ ನಿಲ್ಲಿಸಿತು, ಶಾಲೆ ಕಟ್ಟಿತು, ನಮ್ಮ ಹುಡುಗಿಯರು ಡಾಕ್ಟರ್ ಆದರು. ಎರಡೂ ಸುಳ್ಳಲ್ಲ. ಆದರೆ ಮರ್ಸಿಯಾದಲ್ಲಿ ಸತ್ತವರ ಹೆಸರು ಇರುತ್ತದೆ, ಕಸೀದಾದಲ್ಲಿ ಕಟ್ಟಿದವರ ಹೆಸರು ಇರುತ್ತದೆ. ಕಟ್ಟಿದವನೂ ಕೊಂದವನೂ ಒಬ್ಬನೇ ಆದಾಗ ಏನು ಮಾಡಬೇಕು ಅನ್ನುವುದು ಎರಡೂ ಪ್ರಕಾರಗಳಿಗೆ ಗೊತ್ತಿಲ್ಲ. ಜಲ್ಸಾಗೆ ಚಂದಾ ಕೊಟ್ಟು, ಸ್ಟೇಜಿನ ಮೇಲೆ ಶಾಲು ಹೊದ್ದು ಕೂತವನ ಬಿಲ್ಡಿಂಗಿನ ಕಾಲಮ್ಮು ಎಷ್ಟು ದಪ್ಪ ಅಂತ ಮುಶಾಯರಾದಲ್ಲಿ ಯಾರು ಓದ್ತಾರೆ? ‘ನಮ್ಮೋರು’ ಅನ್ನುವ ಮಾತು ಮೊದಲು ಆಸರೆಯಾಗಿತ್ತು, ಈಗ ಅದು ರಸೀದಿಯ ಬದಲಿಗೆ ಕೊಡುವ ಮಾತಾಗಿದೆ.

ಕನ್ನಡದ ಕಡೆಯೂ ತಿರುಗಿ ನೋಡೋಣ. ಮುಂಬೈ ಕನ್ನಡ ಸಾಹಿತ್ಯ ಬಡವಾದದ್ದಲ್ಲ. ಚಿತ್ತಾಲರ ‘ಶಿಕಾರಿ’ ಕಂಪನಿಯ ಆಫೀಸನ್ನು ಹೊಕ್ಕು ನೋಡಿತು, ಬಲ್ಲಾಳರ ‘ಬಂಡಾಯ’ ಕಾರ್ಮಿಕ ಸಂಘಟನೆಯನ್ನು ನೋಡಿತು, ಜಯಂತ ಕಾಯ್ಕಿಣಿಯವರ ಕಥೆಗಳು ಚಾಳಿನ, ಖೋಲಿಯ, ಸಿನಿಮಾ ಥಿಯೇಟರಿನ ಸಣ್ಣ ಜನರನ್ನು ಎಷ್ಟು ಅಕ್ಕರೆಯಿಂದ ಮುಟ್ಟಿದವು ಅಂದ್ರೆ ನಮ್ಮ ಪಕ್ಕದ ಮನೆಯವರೇ ಅನ್ನಿಸುತ್ತದೆ. ಆದರೆ ಆ ಅಕ್ಕರೆ ಮನುಷ್ಯರ ಮೇಲಿನದು. ಆ ಖೋಲಿ ಯಾರ ಹೆಸರಿನಲ್ಲಿದೆ ಅನ್ನುವುದು ಕಥೆಯ ಹಿಂದಿನ ಗೋಡೆಯಾಗಿ ಉಳಿಯುತ್ತದೆ. ಚಾಳಿಗೆ ಅದು ನಡೆಯುತ್ತಿತ್ತು, ಚಾಳು ಹಳತಾದರೂ ನಿಂತಿತ್ತು. ಊರಂಚಿನಲ್ಲಿ ಗೋಡೆಯೇ ಮುಖ್ಯ ಪಾತ್ರ. ಅದನ್ನು ಹಿಂದೆ ಬಿಟ್ಟು ಕಥೆ ಹೇಳಲು ಬರುವುದಿಲ್ಲ.

‘ಹಂಗಾದ್ರೆ ಪರವಾನಗಿ ಇರುವ ಬಿಲ್ಡಿಂಗನ್ನೇ ಕೊಂಡರೆ ಆಯ್ತಲ್ಲ’ ಅಂತ ಚೆನ್ನೈನ ಓದುಗರು ಹೇಳಬಹುದು. ನಿಮ್ಮಲ್ಲೇ 2014ರ ಜೂನ್ 28ರಂದು ಮೌಲಿವಾಕ್ಕಮ್‌ನಲ್ಲಿ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. ಅದಕ್ಕೆ ಸಿಎಂಡಿಎ ಮಂಜೂರಾತಿ ಇತ್ತು. ದೆಹಲಿಯಲ್ಲಿ 1,731 ಅನಧಿಕೃತ ಕಾಲೊನಿಗಳವರಿಗೆ ಮಾಲೀಕತ್ವದ ಹಕ್ಕು ಕೊಡುವ ಯೋಜನೆ 2019ರಲ್ಲಿ ಬಂತು. ಅಂದ್ರೆ ‘ಅನಧಿಕೃತ’ ಅನ್ನುವುದು ಇಟ್ಟಿಗೆಯ ಗುಣವಲ್ಲ, ಅದು ಬರೆಯುವ ಕೈಯಲ್ಲಿರುವ ಪದ. ಅದೇ ಕೈ ಒಂದು ಕಡೆ ಬುಲ್ಡೋಜರ್ ಕಳಿಸುತ್ತದೆ, ಇನ್ನೊಂದು ಕಡೆ ಹಕ್ಕುಪತ್ರ ಹಂಚುತ್ತದೆ. ಪದವನ್ನು ನಂಬಿ ಕೂರುವವರು ಇಬ್ಬರೇ: ಪಾಠ ಮಾಡುವ ನಾವು, ಪರೀಕ್ಷೆ ಬರೆಯುವ ಮಕ್ಕಳು. ಕಾಗದ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ಟೋಕನ್ ಕೊಡುವ ಮೊದಲು ಸಾತ್‌ಬಾರಾ ತೆಗೆಸಿ, ನೋಂದಣಿ ನಂಬರನ್ನು ಪಾಲಿಕೆಯ ದಾಖಲೆಯ ಜೊತೆ ಹೋಲಿಸಿ ನೋಡಿ. ಡೊಂಬಿವಲಿ ಕಲಿಸಿದ್ದು ಅಷ್ಟು. ಆದರೆ ಈ ಜಾಗ್ರತೆಯನ್ನು ಬರೀ ಕೊಳ್ಳುವವನ ಹೆಗಲಿಗೆ ಹಾಕುವ ಕಥೆ ಮತ್ತೆ ಸುದೀಪ್ ಒಬ್ಬನನ್ನೇ ಕಟಕಟೆಗೆ ನಿಲ್ಲಿಸುವ ಕಥೆ.

ನಮಗೆ ಬೇಕಾಗಿರುವುದು ಹಿಸಾಬಿನ ಬರಹ. ಸಹಿ ಯಾರದು, ಯಾವ ತಾರೀಕು, ಎಷ್ಟು ಮಾಳಿಗೆಗೆ, ದುಡ್ಡು ಎಲ್ಲಿಂದ ಎಲ್ಲಿಗೆ ಹೋಯಿತು? ಇದನ್ನು ಕಥೆ ಅಂತಾರಾ ಅಂತ ಕೇಳಬೇಡಿ. ಗಂಡನ ಖಾತೆಪುಸ್ತಕ ಓದಿ ಸಂಸಾರದ ಕಥೆ ಪೂರ್ತಿ ಹೇಳುವ ಹೆಂಗಸರು ನಮ್ಮ ಮನೆಮನೆಯಲ್ಲೂ ಇದ್ದಾರೆ.

ನಾನು ಪಾಠ ಮಾಡುವ ಉರ್ದು ಮಾಧ್ಯಮದ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ‘ನನ್ನ ಮನೆ’ ಪ್ರಬಂಧ ಕೊಟ್ಟಿದ್ದೆ. ಹೆಚ್ಚಿನವರು ಗೈಡಿನಿಂದ ನಕಲು ಮಾಡಿದ್ದರು: ಅಂಗಳ, ಹೂತೋಟ, ಗಾಳಿ ಬೆಳಕು. ಒಬ್ಬಳು ಮಾತ್ರ ಕಿಟಕಿಯಿಂದ ಕಾಣುವ ಗುಡ್ಡ, ಪಾರಿವಾಳ, ತಮ್ಮನ ಜಗಳ ಎಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದಳು. ಕನ್ನಡದಲ್ಲಿ ಹೇಳಿದರೆ ಹೀಗೆ: ನಮ್ಮ ಮಾಳಿಗೆಗೆ ಪರ್ಮಿಷನ್ ಇಲ್ಲ, ಅದಕ್ಕೇ ಅಬ್ಬಾ ಬಣ್ಣ ಹೊಡೆಸುವುದಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ನಾನು ‘ಎಷ್ಟನೇ ಮಾಳಿಗೆ ತನಕ ಇದೆ? ಕೇಳಿಕೊಂಡು ಬಾ’ ಅಂತ ಬರೆದೆ. ಮುಂದಿನ ವಾರ ಅದೇ ನೋಟ್‌ಬುಕ್ಕಿನಲ್ಲಿ ಉತ್ತರ ತಂದಳು. ಅಬ್ಬಾ ಹೇಳಿದ್ದು ನಾಲ್ಕು. ಸೊಸೈಟಿಯ ಚಾಚಾ ಹೇಳಿದ್ದು ಎರಡು. ಕೆಳಗಿನ ಆಫೀಸಿನವರು, ಮಕ್ಕಳು ಇಂಥದ್ದೆಲ್ಲ ಕೇಳಬಾರದು ಅಂದು ಚಾಕಲೇಟ್ ಕೊಟ್ಟು ಕಳಿಸಿದರಂತೆ. ಅದನ್ನೂ ಬರೆದಿದ್ದಳು.